ಸಿಂಥ್ ಫಂಕ್ ಆಲ್ಬಮ್: ವಿನೈಲೋ, ಫ್ಲ್ಯಾಕ್ ಫೈಲೋ, ಸ್ಟ್ರೀಮಿಂಗೋ?

ಪ್ರಯೋಗಶೀಲ ಎಲೆಕ್ಟ್ರಾನಿಕ್ ಫಂಕ್‌ನ ಜೀವ ಇರೋದೇ ಸಿಂಥ್ ಬೇಸ್‌ನಲ್ಲಿ (ಸಿಂಥಸೈಜರ್ ಹೊರಡಿಸುವ ತಗ್ಗಿನ ನಾದ), ಹಾಗಾಗಿ ಮೊದಲು ಅದನ್ನೇ ನೋಡಿ. ವಿನೈಲ್‌ನಲ್ಲಿ, ಅಂದರೆ ಸೂಜಿಯಿಂದ ನುಡಿಸುವ ರೆಕಾರ್ಡಿನಲ್ಲಿ, ಬೇಸ್ ಜೋರಾದಷ್ಟೂ ಗೀರಿಗೆ ಜಾಗ ಹೆಚ್ಚು ಬೇಕು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಬದಿ 22 ನಿಮಿಷ ದಾಟಿತೆಂದರೆ ಸಾಮಾನ್ಯವಾಗಿ ಧ್ವನಿಯ ಮಟ್ಟ ತಗ್ಗಿಸಿಯೇ ಕೊರೆಯುತ್ತಾರೆ. ಬದಿಯ ಕೊನೆಯ ಹಾಡಿನಲ್ಲಿ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) 'ಸ್ಸ್' ಅಂತ ಒಡೆಯಬಹುದು. ಒಳಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸರಿಯುವ ಗೀರು ಕಡಿಮೆ. ಫ್ಲ್ಯಾಕ್‌ಗೆ, ಅಂದರೆ ಧ್ವನಿಯ ಏನನ್ನೂ ಕಳೆಯದೆ ಹಿಂಡಿಟ್ಟ ಡಿಜಿಟಲ್ ಫೈಲಿಗೆ, ಈ ತಾಪತ್ರಯವಿಲ್ಲ.

ಖರ್ಚಿನಲ್ಲಿ ವಿನೈಲ್ ಭಾರಿ: ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್, ಸೂಜಿಯ ಕ್ಷೀಣ ಸಿಗ್ನಲ್ ಹಿಗ್ಗಿಸುವ ಫೋನೋ ಪ್ರಿಆಂಪ್, ಸವೆಯುವ ಸೂಜಿ. ಮೇಲೆ ನಮ್ಮ ಹವೆ ಬೇರೆ! ವಿಜಯಪುರದ ಬೇಸಿಗೆಯಲ್ಲಿ ಬಿಸಿಲು ಬೀಳುವ ಗೋಡೆಗೆ ಒರಗಿಸಿಟ್ಟ ರೆಕಾರ್ಡ್ ಸೊಟ್ಟಗಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಕವರಿಗೆ ಬೂಷ್ಟು. ನೆಟ್ಟಗೆ ನಿಲ್ಲಿಸಿ, ಪ್ರತಿ ಸಲ ಧೂಳು ತೆಗೆಯಲು ಕಾರ್ಬನ್ ಬ್ರಷ್ ಆಡಿಸುವ ತಾಳ್ಮೆ ಇದ್ದವರಿಗೆ, ದೊಡ್ಡ ಕವರ್ ಕೈಯಲ್ಲಿ ಹಿಡಿಯುವ ಹುಚ್ಚಿದ್ದವರಿಗೆ ಅದೇ ಸರಿ.

45 ನಿಮಿಷದ ಆಲ್ಬಮ್ ಫ್ಲ್ಯಾಕ್‌ನಲ್ಲಿ ಸುಮಾರು 300 ಎಂಬಿ, 320 ಕೆಬಿಪಿಎಸ್ ಸ್ಟ್ರೀಮಿಂಗ್‌ನಲ್ಲಿ ಸುಮಾರು 108. ಕೇಳೋದು ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಾದರೆ ಫ್ಲ್ಯಾಕ್ ದಂಡ: ಬ್ಲೂಟೂತ್ ಸಾಮಾನ್ಯವಾಗಿ ಮತ್ತೆ ಹಿಂಡುತ್ತದೆ, ತಳದ ಬೇಸ್ ಅಂತೂ ಬರೋದೇ ಇಲ್ಲ. ತಂತಿಯ ಹೆಡ್‌ಫೋನ್ ಇದ್ದರೆ ಫ್ಲ್ಯಾಕ್ ಕೊಳ್ಳಿ. ಆಲ್ಬಮ್ ಇನ್ನೂ ಮನಸ್ಸಿಗೆ ಹತ್ತಿಲ್ಲವೆಂದರೆ ಸ್ಟ್ರೀಮಿಂಗ್ ಸಾಕು. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಆರಂಭ ಬೆರೆಸುವ ಸೆಟ್ಟಿಂಗ್) ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿದ ಹಾಡುಗಳ ತಾಳ ಕಲಸಿಹೋಗುತ್ತದೆ.