ಎಸ್‌ಟ್ರೇಸ್: ದಿನಾ ಬಳಸುವವನ ನಾಲ್ಕು ಮಾತು

ಲಿನಕ್ಸ್ ಪ್ರೋಗ್ರಾಂಗಳನ್ನು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಮೇಲೆ ರನ್ ಮಾಡುವ ಎಮ್ಯುಲೇಟರ್ ಒಂದರಲ್ಲಿ ನನ್ನ ಕೆಲಸ. ಪ್ರೋಗ್ರಾಂ ಯಾವ ಸಿಸ್ಟಮ್ ಕಾಲ್ (ಆಪರೇಟಿಂಗ್ ಸಿಸ್ಟಮ್‌ಗೆ ಇಡುವ ಕೋರಿಕೆ) ಮಾಡಿದರೂ ನಾವು ಥೇಟ್ ಲಿನಕ್ಸ್ ಥರಾನೇ ಉತ್ತರ ಕೊಡಬೇಕು. ಫೈಲ್ ಓದುವುದು, ಬರೆಯುವುದು ಬೇಗ ಸರಿಹೋಗುತ್ತದೆ. ಜೀವ ಹಿಂಡುವುದು ಮೂಲೆಯಲ್ಲಿ ಅಡಗಿರುವ ಬಗ್‌ಗಳು. ಅವನ್ನು ಹಿಡಿಯಲು ಎಸ್‌ಟ್ರೇಸ್‌ನಷ್ಟು ನೆರವಾದ ಟೂಲ್ ನನಗೆ ಬೇರೆ ಇಲ್ಲ. ಪ್ರೋಗ್ರಾಂ ಮಾಡುವ ಸಿಸ್ಟಮ್ ಕಾಲ್, ಅದಕ್ಕೆ ಬಂದ ಉತ್ತರ ಎರಡನ್ನೂ ಸಾಲುಸಾಲಾಗಿ ತೋರಿಸುತ್ತದೆ. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಸನ್ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆಂದು ಬರೆದದ್ದು ಇದು. ಈಗ ಲಿನಕ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಕಳೆದ ತಿಂಗಳು ಗ್ರಾಹಕರೊಬ್ಬರ ಕ್ಲೀನಪ್ ಪ್ರೋಗ್ರಾಂ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ದಿನ ಕೋಡ್ ಓದಿದ್ದೇ ಬಂತು. ಆಮೇಲೆ ಅದನ್ನೇ ಅಸಲಿ ಲಿನಕ್ಸ್‌ನಲ್ಲಿ ಎಸ್‌ಟ್ರೇಸ್ ಹಾಕಿ ರನ್ ಮಾಡಿದೆ. ಆ ಲಾಗನ್ನೂ ನಮ್ಮ ಲಾಗನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸಾಲು ಬೇರೆ. ಫೋಲ್ಡರ್ ಮೇಲೆ ಅನ್‌ಲಿಂಕ್ (ಫೈಲ್ ಅಳಿಸುವ ಕಾಲ್) ಮಾಡಿದರೆ ಲಿನಕ್ಸ್ ಕೊಡುವುದು ಎರರ್ 21, ‘ಇದು ಫೋಲ್ಡರ್’ ಅಂತ. ನಮ್ಮದು ಕೊಟ್ಟಿದ್ದು 1, ‘ಅನುಮತಿ ಇಲ್ಲ’. 21 ಬಂದರೆ ಪ್ರೋಗ್ರಾಂ ಫೋಲ್ಡರ್ ಅಳಿಸುವ ಕಾಲ್ ಆದ ಆರ್‌ಎಮ್‌ಡಿರ್‌ಗೆ ಹೋಗುತ್ತಿತ್ತು, 1 ಕಂಡರೆ ಕೈಚೆಲ್ಲುತ್ತಿತ್ತು.

ಯುನಿಕ್ಸ್ ಥರದ ಸಿಸ್ಟಮ್‌ಗಳ ಮಾನದಂಡವಾದ ಪಾಸಿಕ್ಸ್ ಪ್ರಕಾರ 1 ಸರಿಯೇ. ಫ್ರೀಬಿಎಸ್‌ಡಿ ಕೊಟ್ಟದ್ದನ್ನು ನಾವು ಹಾಗೇ ದಾಟಿಸಿದ್ದೆವು. ಆದರೆ ಲಿನಕ್ಸ್ ಪ್ರೋಗ್ರಾಂಗೆ ಬೇಕಾದದ್ದು ಲಿನಕ್ಸ್ ಉತ್ತರ, ಅಲ್ವಾ?

ಕೋಡ್ ಮುಟ್ಟುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ಎಸ್‌ಟ್ರೇಸ್‌ನಲ್ಲಿ ‘ಇಂಜೆಕ್ಟ್’ ಅಂತ ಒಂದು ಸೌಲಭ್ಯ ಇದೆ. ನೀವು ಹೇಳಿದ ಸಿಸ್ಟಮ್ ಕಾಲ್‌ಗೆ, ನೀವು ಹೇಳಿದ ಎರರನ್ನೇ ಕೊಡಿಸುತ್ತದೆ. ಅಸಲಿ ಲಿನಕ್ಸ್‌ನಲ್ಲೇ ಅನ್‌ಲಿಂಕ್‌ಗೆ ಎರರ್ 1 ಕೊಡಿಸಿದೆ. ಪ್ರೋಗ್ರಾಂ ಅದೇ ಜಾಗದಲ್ಲಿ, ಅದೇ ಸಂದೇಶ ತೋರಿಸಿ ನಿಂತಿತು! ಕಾರಣ ಅದೇ ಎಂದು ಖಾತ್ರಿಯಾಯಿತು. ಈ ಒಂದು ಸೌಲಭ್ಯಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಮೂರನೇ ಸಲ ಬರೆಯುವಾಗ ‘ಡಿಸ್ಕ್ ತುಂಬಿದೆ’ ಅನ್ನಿಸಬೇಕೇ? ಅದೂ ಆಗುತ್ತದೆ.

ಸರಿಪಡಿಸಲು ಸುಮ್ನೆ 1 ಬಂದಾಗಲೆಲ್ಲ 21 ಅಂದರೆ ಆಗುವುದಿಲ್ಲ. ಅಳಿಸಬಾರದೆಂದು ಲಾಕ್ ಮಾಡಿದ ಫೈಲ್‌ಗೂ 1 ಬರುತ್ತದೆ, ಅಲ್ಲಿ ಅದೇ ಸರಿ. ಹಾಗಾಗಿ 1 ಬಂದಾಗ ಅದು ಫೋಲ್ಡರ್ ಹೌದೋ ಅಲ್ಲವೋ ನೋಡಿ, ಹೌದಾದರೆ ಮಾತ್ರ 21 ಕೊಡಬೇಕು. ಫ್ರೀಬಿಎಸ್‌ಡಿಯದೇ ಲಿನಕ್ಸ್ ಪದರದಲ್ಲೂ ಹೀಗೇ ಮಾಡಿದ್ದಾರೆ.

ಎಸ್‌ಟ್ರೇಸ್‌ಗೆ ಕೊರತೆಯೂ ಇದೆ. ಪ್ರತಿ ಕಾಲ್‌ಗೂ ಪ್ರೋಗ್ರಾಮನ್ನು ಎರಡು ಸಲ ನಿಲ್ಲಿಸುವುದರಿಂದ ವೇಗ ತುಂಬಾ ಬೀಳುತ್ತದೆ. ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಥ್ರೆಡ್‌ಗಳ ಜಗಳದ ಬಗ್ ಇದ್ದರೆ ಎಸ್‌ಟ್ರೇಸ್ ಹಾಕಿದ ಕೂಡಲೇ ಮಾಯವಾಗಬಹುದು. ಸಮಯ ಕೇಳುವ ಕಾಲ್‌ಗಳು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ವರೆಗೆ ಹೋಗುವುದೇ ಇಲ್ಲ, ಆದ್ದರಿಂದ ಲಾಗ್‌ನಲ್ಲಿ ಕಾಣುವುದಿಲ್ಲ. ಅದು ಗೊತ್ತಿಲ್ಲದೆ ನಾನು ಒಂದು ಮಧ್ಯಾಹ್ನ ಪೂರ್ತಿ ಹುಡುಕಿದ್ದೆ.

ಹೊಸಬರು ‘-ಎಫ್’ ಮರೆಯಬೇಡಿ, ಇಲ್ಲದಿದ್ದರೆ ಪ್ರೋಗ್ರಾಂ ಹುಟ್ಟಿಸುವ ಮರಿ ಪ್ರೋಸೆಸ್‌ಗಳು ತಪ್ಪಿಹೋಗುತ್ತವೆ. ‘-ವೈ’ ಹಾಕಿದರೆ ತೆರೆದ ಫೈಲ್‌ಗೆ ಸಿಗುವ ಬರೀ 3, 4 ಅನ್ನುವ ನಂಬರ್ ಪಕ್ಕದಲ್ಲೇ ಫೈಲ್ ಹೆಸರೂ ಬರುತ್ತದೆ.