ಗುಜರಿ ಎಂಜಿನ್ನಾ, ಬೋರಿಂಗ್ ಮಾಡಿಸಿದ ಸ್ವಂತ ಎಂಜಿನ್ನಾ: ನನ್ನ ಸಿಟಿ ವಿಟೆಕ್‌ನ ಲೆಕ್ಕ

ಸಂಪಾಜೆ ಘಾಟಿಯನ್ನು ಸೆಕೆಂಡ್ ಗೇರಿನಲ್ಲೇ ಇಳಿದು ಬಂದಿದ್ದೆ. ಜೋಡುಪಾಲದ ಹತ್ತಿರ ಆಕ್ಸಿಲರೇಟರ್ ಒತ್ತಿದಾಗ ಕನ್ನಡಿಯಲ್ಲಿ ನೀಲಿ ಹೊಗೆ ಕಾಣಿಸಿತು. ಒಂದು ಸಲ ಬುಸ್ಸಂತ ಬಂತು, ಆಮೇಲೆ ಇಲ್ಲ. ಅದು 2017. ಕಾರು 2002ರ ಹೋಂಡಾ ಸಿಟಿ 1.5 ವಿಟೆಕ್, ಕೆಎ-12 ನಂಬರಿನದು. 1493 ಸಿಸಿ, 106 ಬಿಎಚ್‌ಪಿ. ಆ ಕಾಲದಲ್ಲಿ ನಮ್ಮಂಥವರ ಕೈಗೆಟುಕುತ್ತಿದ್ದ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಆಗ 1.6 ಲಕ್ಷ ಕಿ.ಮೀ. ಓಡಿತ್ತು.

ಹದಿನೈದು ವರ್ಷ ತುಂಬಿತ್ತು, ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ ಮತ್ತು ಮರುನೋಂದಣಿ, ಮಾಡಿಸಬೇಕಿತ್ತು. ಹೊಗೆ ಬಿಡುವ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸುವ ಹಾಗಿಲ್ಲ. ಮೆಕ್ಯಾನಿಕ್ ಒಬ್ಬರು ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡಿ, ಎಂಜಿನ್ ಹೋಯ್ತು ಅಂದರು. ನಾನು ನಂಬಿದೆ.

ಬೆಂಗಳೂರಿನ ಗುಜರಿಯಿಂದ ಅದೇ ಮಾಡೆಲ್ಲಿನ ಎಂಜಿನ್ ಬಂತು. ಎಂಜಿನ್‌ಗೆ 38,000, ಸಾಗಣೆ ಮತ್ತು ಕೂಲಿ 14,000, ಟೈಮಿಂಗ್ ಬೆಲ್ಟ್, ಗ್ಯಾಸ್ಕೆಟ್ ಅಂತ 9,000. ಒಟ್ಟು 61,000 ರೂಪಾಯಿ. ನಾಲ್ಕೇ ದಿನದಲ್ಲಿ ಕಾರು ರಸ್ತೆಗೆ ಬಂತು. ಗುಜರಿ ಎಂಜಿನ್ನಿನ ದೊಡ್ಡ ಗುಣವೇ ಅದು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಯಿಸಲು ಓಡಾಡಿದ್ದು ಬೇರೆ. ಎಂಜಿನ್ ನಂಬರ್ ಬರೆದಿರುವ ಬಿಲ್ ಇಲ್ಲದೆ ಗುಜರಿ ಎಂಜಿನ್ ತರಲೇಬೇಡಿ. ಮುಂದೆ ಇನ್ಶೂರೆನ್ಸ್‌ಗೂ ಅದೇ ತೊಂದರೆ.

ಎರಡು ವರ್ಷ ಚೆನ್ನಾಗಿಯೇ ಓಡಿತು. ಮೂರನೇ ಮಳೆಗಾಲದಲ್ಲಿ ಒಂದು ಬದಲಾವಣೆ ಗೊತ್ತಾಯಿತು. ಆರ್‌ಪಿಎಂ ಮೇಲಕ್ಕೆ ಹೋದಾಗ ಬರುವ ಆ ಎಳೆತ, ವಿಟೆಕ್‌ನ ಪ್ರಾಣವೇ ಅದು, ಬರಲಿಲ್ಲ. ಈ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಒಂದು ಸಣ್ಣ ಪಿನ್ನನ್ನು ತಳ್ಳಿ, ವಾಲ್ವ್ ಒತ್ತುವ ರಾಕರ್‌ಗಳನ್ನು ಜೋಡಿಸಬೇಕು. ಆಗ ಮಾತ್ರ ಕ್ಯಾಮ್‌ನ ದೊಡ್ಡ ಉಬ್ಬು ಕೆಲಸಕ್ಕೆ ಬಂದು ವಾಲ್ವ್ ಹೆಚ್ಚು ತೆರೆಯುತ್ತದೆ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದೆ. ತುದಿಯಲ್ಲೂ ಆಯಿಲ್ ಇರಲಿಲ್ಲ. ಅಲ್ಲಿಂದಾಚೆ 800 ಕಿ.ಮೀ.ಗೆ ಒಂದು ಲೀಟರ್ ಕುಡಿಯತೊಡಗಿತು. ಕೊನೆಯ 12,000 ಕಿ.ಮೀ.ಗೆ 15 ಲೀಟರ್ ಸುರಿದೆ, 6,750 ರೂಪಾಯಿ. 2021ರಲ್ಲಿ ಸುಳ್ಯದ ಅಕ್ಕನ ಮನೆಯಿಂದ ಬರುವಾಗ ಕೊಯನಾಡಿನ ಹತ್ತಿರ ಹೀಟ್ ಆಗಿ ನಿಂತಿತು. ಮಡಿಕೇರಿಗೆ ಎಳೆಸಿಕೊಂಡು ಬರಲು 4,500. ಒಟ್ಟು ಓಡಿದ್ದು 41,000 ಕಿ.ಮೀ.

ನನ್ನ ಮೂಲ ಎಂಜಿನ್ ಅಷ್ಟೂ ದಿನ ಮನೆಯ ಕಾಫಿ ಗೋದಾಮಿನ ಮೂಲೆಯಲ್ಲಿತ್ತು. ಅಪ್ಪ ಪ್ಲಗ್ ತೂತುಗಳಲ್ಲಿ ಆಯಿಲ್ ಸುರಿದು, ಗೋಣಿ ಸುತ್ತಿ ಇಟ್ಟಿದ್ದರು. ಅದನ್ನು ಮೈಸೂರಿಗೆ ಒಯ್ದೆ. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಹೆಡ್ ಬಿಚ್ಚಿ, ಟಾರ್ಚ್ ಹಿಡಿದು, "ಬನ್ನಿ ಇಲ್ಲಿ, ನೋಡಿ" ಅಂದರು. ಸಿಲಿಂಡರ್ ಗೋಡೆಯ ಮೇಲೆ ಕಂಪನಿಯಲ್ಲಿ ಹೋನಿಂಗ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿ ಮೂಡಿಸಿದ, ಓರೆ ಗೆರೆಗಳು ಇನ್ನೂ ಹಾಗೇ ಇದ್ದವು. ಪಿಸ್ಟನ್ ಸುತ್ತ ಇರುವ ರಿಂಗ್ಸ್ ಸವೆದೇ ಇರಲಿಲ್ಲ! ಗಟ್ಟಿಯಾಗಿ ಒಡೆದು ಹೋಗಿದ್ದವು, ಮೇಲಿನ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲುಗಳು ಮಾತ್ರ. ರಬ್ಬರು, ಹದಿನೈದು ವರ್ಷ ಬಂದದ್ದೇ ಜಾಸ್ತಿ. ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಒಳಗಿನಿಂದ ಜೋರಾಗಿ ಹೀರುತ್ತದೆ. ಆ ಹೀರುವಿಕೆಗೆ ಆಯಿಲ್ ಸೀಲ್ ದಾಟಿ ಒಳಗೆ ಇಳಿಯುತ್ತದೆ. ಒತ್ತಿದ ಕೂಡಲೇ ಉರಿದು ಹೊಗೆಯಾಗುತ್ತದೆ. ರಿಂಗ್ಸ್ ಹೋಗಿದ್ದರೆ ಏರು ಹತ್ತುವಾಗ ಬಿಡದೆ ಹೊಗೆ ಬರುತ್ತಿತ್ತು.

ಇದನ್ನು 2017ರಲ್ಲೇ ಅರ್ಧ ಗಂಟೆಯಲ್ಲಿ ತಿಳಿಯಬಹುದಿತ್ತು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ ನೋಡಬೇಕು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ರಿಂಗ್ಸ್ ಸಮಸ್ಯೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆಯದು. ಗೇಜ್ ಮೊದಲಿಗೇ ಚೆನ್ನಾಗಿ ತೋರಿಸಿ, ಹೊಗೆ ಮಾತ್ರ ಇದ್ದರೆ ಸೀಲ್ ಮೇಲೆ ಅನುಮಾನ ಪಡಿ. ನನ್ನ ಕಾರಿನ ಹೆಡ್ ಕೆಲಸ ಆಗ ಹದಿನೈದು ಸಾವಿರದಲ್ಲಿ ಮುಗಿಯುತ್ತಿತ್ತು ಅಂದರು ಮೇಸ್ತ್ರಿ. ಅದು ಕೇಳಿ ಹೊಟ್ಟೆ ಉರಿಯಿತು.

2021ಕ್ಕೆ ಅಷ್ಟರಲ್ಲಿ ಮುಗಿಯಲಿಲ್ಲ. ನಾಲ್ಕು ಮಳೆಗಾಲದ ತೇವಕ್ಕೆ ಮೂರನೇ ಸಿಲಿಂಡರ್‌ನಲ್ಲಿ ಉಗುರಿಗೆ ಸಿಕ್ಕುವಷ್ಟು ತುಕ್ಕಿನ ಗೆರೆ ಬಿದ್ದಿತ್ತು. ಹಾಗಾಗಿ ನಾಲ್ಕಕ್ಕೂ 0.25 ಎಂಎಂ ಬೋರಿಂಗ್, ಅಂದರೆ ಸಿಲಿಂಡರನ್ನು ಒಳಗಿನಿಂದ ಅಷ್ಟು ಕೊರೆದು ಅಗಲ ಮಾಡುವುದು. ಪಿಸ್ಟನ್ ಮತ್ತು ರಿಂಗ್ಸ್ 22,000, ಬೇರಿಂಗ್ 8,500, ಗ್ಯಾಸ್ಕೆಟ್ ಮತ್ತು ಸೀಲ್ 7,500, ಬೆಲ್ಟ್ ಮತ್ತು ವಾಟರ್ ಪಂಪ್ 9,000, ಲೇತ್ ಕೆಲಸ 16,000, ಕೂಲಿ 25,000, ಆಯಿಲ್, ಕೂಲಂಟ್, ಮೌಂಟಿಂಗ್ 8,000. ಒಟ್ಟು 96,000 ರೂಪಾಯಿ. ಪಿಸ್ಟನ್ ಸಿಗುವುದಕ್ಕೇ ಆರು ವಾರ ಕಾದೆ. ಮೊದಲ 1,000 ಕಿ.ಮೀ. ಮೆಲ್ಲಗೆ ಓಡಿಸಿದೆ, ಆಮೇಲೆ ಆಯಿಲ್ ಬದಲಿಸಿದೆ. ಹಳೇ ನಂಬರ್ ಮತ್ತೆ ಆರ್‌ಸಿಗೆ ಬಂತು. 2022ರ ಎಫ್‌ಸಿಯೂ ಆಯಿತು. ಆ ಏಪ್ರಿಲ್‌ನಿಂದ ಮರುನೋಂದಣಿ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು, ಈಗ ಎಷ್ಟಿದೆ ಅಂತ ಕೇಳಿಕೊಂಡು ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಬೋರಿಂಗ್ ಆದಮೇಲೆ ಈಗ 52,000 ಕಿ.ಮೀ. ಓಡಿದೆ. ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರವರೆಗೆ ಒಂದು ತೊಟ್ಟೂ ಸೇರಿಸಿಲ್ಲ. ಗುಜರಿ ಎಂಜಿನ್‌ಗೆ ಆಯಿಲ್, ಎಳೆಸಿದ್ದು ಸೇರಿ 72,250 ರೂಪಾಯಿ. ಅಂದರೆ ಕಿ.ಮೀ.ಗೆ 1 ರೂಪಾಯಿ 76 ಪೈಸೆ. ಸ್ವಂತ ಎಂಜಿನ್‌ಗೆ ಇವತ್ತಿಗೆ 1 ರೂಪಾಯಿ 85 ಪೈಸೆ. ಇನ್ನು ಮೂರು ಸಾವಿರ ಕಿ.ಮೀ. ಓಡಿದರೆ ಇದೇ ಅಗ್ಗ.

ಒಂದೆರಡು ವರ್ಷದಲ್ಲಿ ಕಾರು ಮಾರುವವರು ಗುಜರಿ ಎಂಜಿನ್ ಹಾಕಿಸಿದರೆ ತಪ್ಪೇನಿಲ್ಲ, ಆದರೆ ಕೊಳ್ಳುವ ಮೊದಲು ಅದಕ್ಕೂ ಗೇಜ್ ಹಾಕಿಸಿ. ಕಾರು ಇಟ್ಟುಕೊಳ್ಳುವವರು ಸ್ವಂತ ಎಂಜಿನ್ ಬಿಚ್ಚಿಸಿ ನೋಡಿ. ಬದಲಾಯಿಸಿದರೂ ಹಳೆಯದನ್ನು ಗುಜರಿಗೆ ಹಾಕಬೇಡಿ. ನಾನು ಆ ಗುಜರಿ ಎಂಜಿನ್ನಿನಿಂದಲೂ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಎತ್ತಿಟ್ಟಿದ್ದೇನೆ. ಈ ಸಲ ಗೋದಾಮಿನಲ್ಲಲ್ಲ, ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಕಡೆ.