ಹೊಸ ಎಚ್‌ಡಿ ಸೆಟ್ ಟಾಪ್ ಬಾಕ್ಸ್, ಹಳೆಯ ವಿಸಿಆರ್: ಒಂದು ದಸರೆಯ ಅನುಭವ

ಚಂದನ ವಾಹಿನಿಯಲ್ಲಿ ಬರುವ ಜಂಬೂ ಸವಾರಿಯ ನೇರ ಪ್ರಸಾರವನ್ನು ಕ್ಯಾಸೆಟ್‌ಗೆ ಇಳಿಸಿಡುವುದು ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಹಾಗಾಗಿ ಕಳೆದ ದಸರೆಗೆ ಮುಂಚೆ ಕೇಬಲ್‌ನವರು ಹಳೆಯ ಬಾಕ್ಸ್ ಒಯ್ದು ಎಚ್‌ಡಿ ಬಾಕ್ಸ್ ಕೊಟ್ಟಾಗ, ಟಿವಿಯಲ್ಲಿ ಚಿತ್ರ ಹೇಗೆ ಬರುತ್ತದೆ ಎನ್ನುವುದಕ್ಕಿಂತ ಇದು ಕ್ಯಾಸೆಟ್‌ಗೆ ಮುದ್ರಿಸುವ ನಮ್ಮ ವಿಸಿಆರ್ ಯಂತ್ರದ ಜೊತೆ ಹೊಂದಿಕೊಳ್ಳುತ್ತದೆಯೇ ಎಂಬುದೇ ನನಗೆ ಮುಖ್ಯವಾಗಿತ್ತು. ಈ ವಿಮರ್ಶೆಯನ್ನೂ ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಟಿವಿಯ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಚಿತ್ರ ಮತ್ತು ಧ್ವನಿ ಎರಡೂ ಒಂದೇ ಎಚ್‌ಡಿಎಂಐ ತಂತಿಯಲ್ಲಿ ಹೋಗುತ್ತವೆ. ಟಿವಿಯಲ್ಲಿ ಆ ಸಾಕೆಟ್‌ನ ಸಂಖ್ಯೆಯನ್ನು ಆರಿಸಿದರೆ ಕೆಲಸ ಮುಗಿಯಿತು. ಆದರೆ ವಿಸಿಆರ್‌ಗೆ ಎಚ್‌ಡಿಎಂಐ ಎಂದರೇನೆಂದೇ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ ಮತ್ತು ಕೆಂಪು, ಹೀಗೆ ಮೂರು ಪಿನ್ನುಗಳು. ಹೊಸ ಬಾಕ್ಸ್‌ನ ಹಿಂಬದಿಯಲ್ಲಿ ಈ ಮೂರರ ಬದಲು ಎವಿ ಎಂದು ಬರೆದ, ಇಯರ್‌ಫೋನ್ ಸಾಕೆಟ್‌ನಂತೆ ಕಾಣುವ 3.5 ಮಿ.ಮೀ. ರಂಧ್ರ ಮಾತ್ರ ಇದೆ. ಅದಕ್ಕೆ ಹೊಂದುವ ವೈರನ್ನು ಕೇಬಲ್‌ನವರು ಕೊಡಲಿಲ್ಲ. ಕೇಳಿದ್ದಕ್ಕೆ, ಈಗ ಅದನ್ನೆಲ್ಲ ಯಾರು ಬಳಸುತ್ತಾರೆ ಸಾರ್ ಎಂಬ ಉತ್ತರ ಬಂತು.

ಅಟ್ಟದ ಮೇಲಿದ್ದ ಹಳೆಯ ವಿಡಿಯೊ ಕ್ಯಾಮೆರಾದ ವೈರ್ ಸರಿಯಾಗಿ ಕೂತಿತು, ಆದರೆ ಟಿವಿಯಲ್ಲಿ ಚಿತ್ರವೇ ಇಲ್ಲ, ಸ್ಪೀಕರಿನಲ್ಲಿ ಮಾತ್ರ ಗುಂಯ್‌ಗುಡುವ ಸದ್ದು. ಒಂದು ಸಂಜೆಯೆಲ್ಲ ಬಾಕ್ಸ್ ಕೆಟ್ಟಿದೆಯೆಂದೇ ನಂಬಿದ್ದೆ. ಬೇಸತ್ತು ಕೆಂಪು ಪಿನ್ನನ್ನು ಹಳದಿ ಸಾಕೆಟ್‌ಗೆ ಚುಚ್ಚಿದ ಕೂಡಲೇ ವಾರ್ತೆ ಓದುವವರ ಮುಖ ಮೂಡಿತು. ಈ ಸಣ್ಣ ಪಿನ್ನಿನ ಮೇಲೆ ನಾಲ್ಕು ಲೋಹದ ಪಟ್ಟಿಗಳಿರುತ್ತವೆ. ಯಾವ ಪಟ್ಟಿಗೆ ಚಿತ್ರ, ಯಾವುದಕ್ಕೆ ನೆಲತಂತಿ ಎಂಬುದರಲ್ಲಿ ತಯಾರಕರಲ್ಲಿ ಒಮ್ಮತವಿಲ್ಲ. ಸದ್ದು ಬಂದದ್ದು ಚಿತ್ರದ ಸಂಕೇತ ಧ್ವನಿಯ ದಾರಿ ಹಿಡಿದದ್ದರಿಂದ. ವೈರ್ ಕೊಳ್ಳುವಾಗ ಬಾಕ್ಸನ್ನೇ ಅಂಗಡಿಗೆ ಒಯ್ದು ಪರೀಕ್ಷಿಸಿ ತರುವುದು ಒಳ್ಳೆಯದು.

ಜೋಡಣೆಯ ಕ್ರಮ ಹೀಗಿದೆ: ಬಾಕ್ಸ್‌ನಿಂದ ಎಚ್‌ಡಿಎಂಐ ನೇರವಾಗಿ ಟಿವಿಗೆ, ಅದರ ಎವಿ ವೈರ್ ವಿಸಿಆರ್‌ನ ಒಳಬರುವ ಸಾಕೆಟ್‌ಗೆ, ವಿಸಿಆರ್‌ನಿಂದ ಹೊರಡುವ ಮೂರು ಪಿನ್ನು ಟಿವಿಯ ಎವಿಗೆ. ಈ ಬಾಕ್ಸ್ ಎರಡೂ ದಾರಿಯಲ್ಲಿ ಏಕಕಾಲಕ್ಕೆ ಚಿತ್ರ ಕಳಿಸುತ್ತದೆ ಎಂಬುದು ಇದರ ದೊಡ್ಡ ಗುಣ. ಹಾಗಾಗಿ ರೆಕಾರ್ಡಿಂಗ್ ನಡೆಯುತ್ತಿದ್ದಾಗಲೂ ನಾವು ಸ್ಪಷ್ಟ ಚಿತ್ರವನ್ನೇ ನೋಡಬಹುದು.

ಮೊದಲ ಪ್ರಯೋಗದಲ್ಲಿ ನಮ್ಮ ಹಳೆಯ ಚೌಕ ಟಿವಿಯಲ್ಲಿ ಆನೆಗಳು ಮಾವುತರು ಮೇವು ಹಾಕದೆ ಸೊರಗಿಸಿದಂತೆ ಸಪೂರವಾಗಿ ಕಂಡವು. ಅಗಲ ಮತ್ತು ಎತ್ತರದ ಪ್ರಮಾಣ 16:9 ಇರುವ ಅಗಲದ ಚಿತ್ರವನ್ನು ಬಾಕ್ಸ್ ಚೌಕ ಪರದೆಯ 4:3ರೊಳಗೆ ಹಿಂಡಿತ್ತು. ಮೆನುವಿನಲ್ಲಿ ಲೆಟರ್‌ಬಾಕ್ಸ್ ಆರಿಸಿದರೆ ಆನೆ ಮೈ ತುಂಬಿಕೊಳ್ಳುತ್ತದೆ, ಆದರೆ ಚಿತ್ರದ ಎತ್ತರದ ಕಾಲು ಭಾಗ ಕಪ್ಪು ಪಟ್ಟಿಗಳಿಗೆ ಹೋಗುತ್ತದೆ. ಅಡ್ಡಲಾಗಿ ಸುಮಾರು 240 ಗೆರೆಗಳ ವಿವರವನ್ನಷ್ಟೇ ಹಿಡಿಯಬಲ್ಲ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಮತ್ತಷ್ಟು ಕಳೆದುಕೊಳ್ಳುವುದು ಜಾಣತನವಲ್ಲ. ಹಿಂಡಿದಂತೆಯೇ ಮುದ್ರಿಸಿಕೊಂಡು, ಅಗಲ ಪರದೆಯ ಟಿವಿಯಲ್ಲಿ ನೋಡುವಾಗ ಹಿಗ್ಗಿಸಿಕೊಳ್ಳುವುದೇ ಮೇಲೆಂದು ನಾನು ಕಂಡುಕೊಂಡೆ.

ನಿಜವಾದ ಕೊರತೆ ಟೈಮರ್‌ನಲ್ಲಿದೆ. 2013ರ ಮಾರ್ಚ್ 31ರ ಗಡುವಿನೊಂದಿಗೆ ಬೆಂಗಳೂರು ಮತ್ತು ಮೈಸೂರಿನ ಕೇಬಲ್ ಡಿಜಿಟಲ್ ಆಗುವ ಮೊದಲು ಕೇಬಲ್ ವೈರ್ ನೇರವಾಗಿ ವಿಸಿಆರ್‌ಗೇ ಬರುತ್ತಿತ್ತು; ಒಂದು ಚಾನೆಲ್ ಮುದ್ರಿಸುತ್ತ ಟಿವಿಯಲ್ಲಿ ಇನ್ನೊಂದನ್ನು ನೋಡಬಹುದಿತ್ತು. ಈಗ ಚಾನೆಲ್ ಆರಿಸುವುದು ಬಾಕ್ಸ್, ವಿಸಿಆರ್ ಬಂದದ್ದನ್ನು ಬರೆದುಕೊಳ್ಳುವ ಗುಮಾಸ್ತ. ಅದನ್ನು ಎವಿ ಇನ್‌ಪುಟ್‌ನಲ್ಲಿಟ್ಟು ಸಮಯ ಹೊಂದಿಸಬೇಕು, ಬಾಕ್ಸನ್ನು ಬೇಕಾದ ಚಾನೆಲ್‌ಗೆ ತಂದು ಆನ್ ಮಾಡಿಯೇ ಬಿಡಬೇಕು, ಮುಗಿಯುವವರೆಗೆ ಮನೆಯಲ್ಲಿ ಯಾರೂ ರಿಮೋಟ್ ಮುಟ್ಟಬಾರದು. ಇಷ್ಟಾದ ಮೇಲೂ, ನಾಲ್ಕು ಗಂಟೆ ಯಾರೂ ಗುಂಡಿ ಒತ್ತದಿದ್ದರೆ ಬಾಕ್ಸ್ ತಾನಾಗಿಯೇ ಮಲಗುತ್ತದೆ. ಬೆಳಿಗ್ಗೆ ಹೊಂದಿಸಿ ಹೊರಗೆ ಹೋದ ಒಂದು ದಿನ ನನಗೆ ದಕ್ಕಿದ್ದು ಖಾಲಿ ಪರದೆಯ ಮೂರು ಗಂಟೆ. ವಿದ್ಯುತ್ ಉಳಿತಾಯ ಎಂಬ ಮೆನುವಿನಲ್ಲಿ ಇದನ್ನು ನಿಲ್ಲಿಸಬಹುದು. ಕೈಪಿಡಿಯಲ್ಲಿ ಆ ಮಾತೇ ಇಲ್ಲ.

ಎಚ್‌ಡಿಎಂಐಯನ್ನು ಮೂರು ಪಿನ್ನಿಗೆ ಬದಲಿಸುವ ಪುಟ್ಟ ಪೆಟ್ಟಿಗೆಗಳನ್ನು ಕೊಳ್ಳಲು ಅವಸರ ಬೇಡ. ಎಚ್‌ಡಿಎಂಐ ದಾರಿಯಲ್ಲಿ ಎಚ್‌ಡಿಸಿಪಿ ಎಂಬ ನಕಲು ತಡೆಯ ಬೀಗ ಇರಬಹುದು, ಆಗ ಕಪ್ಪು ಪರದೆಯೇ ಗತಿ. ಬಾಕ್ಸ್‌ಗೆ ಪೆನ್ ಡ್ರೈವ್ ಚುಚ್ಚಿಯೂ ಮುದ್ರಿಸಬಹುದು, ಚಿತ್ರವೂ ಚೆನ್ನಾಗಿದೆ, ಆದರೆ ಆ ಕಡತ ಈ ಬಾಕ್ಸ್‌ನಲ್ಲಲ್ಲದೆ ಬೇರೆಲ್ಲೂ ತೆರೆಯುವುದಿಲ್ಲ. ಬಾಕ್ಸ್ ಬದಲಾದ ದಿನ ಸಂಗ್ರಹವೂ ಹೋದಂತೆ.

ಬರೀ ಟಿವಿ ನೋಡುವವರು ಈ ಬಾಕ್ಸನ್ನು ಕಣ್ಣು ಮುಚ್ಚಿ ಪಡೆಯಬಹುದು. ವಿಸಿಆರ್ ಇರುವವರು ಹಾಕಿಸಿಕೊಳ್ಳುವ ಮೊದಲು ಎವಿ ಸಾಕೆಟ್ ಇದೆಯೇ ಎಂದು ಕಣ್ಣಾರೆ ನೋಡಬೇಕು. ನಮ್ಮ ವಿಜಯದಶಮಿಯ ಮುದ್ರಣ ಚೆನ್ನಾಗಿಯೇ ಬಂತು. ಒಂದೇ ಕಿರಿಕಿರಿ: ಕಳ್ಳ ನಕಲು ಪತ್ತೆಗೆಂದು ಆಗಾಗ ಪರದೆಯ ಮೇಲೆ ಮೂಡುವ ಬಾಕ್ಸ್‌ನ ಸಂಖ್ಯೆ, ಚಿನ್ನದ ಅಂಬಾರಿ ಅರಮನೆಯ ಮುಂದೆ ಬಂದ ಗಳಿಗೆಯಲ್ಲೇ ಅದರ ಮೇಲೆ ಮೂಡಿ ಕ್ಯಾಸೆಟ್‌ನಲ್ಲಿ ಉಳಿದುಬಿಟ್ಟಿದೆ. ಆನೆಯ ನಂಬರಾ ಅದು ಎಂದು ಅಮ್ಮ ಕೇಳಿದರು.